ಸೌತೆಯಲ್ಲಿ ಕಾಯಿ ಕಚ್ಚುವಿಕೆ ಮತ್ತು ಸಸ್ಯಚೋದಕಗಳ ಪಾತ್ರ

ಸೌತೆಯು ಕರ್ನಾಟಕದ ಬಹುತೇಕ ಎಲ್ಲ ಜಿಲ್ಲೆಗಳಲ್ಲಿಯೂ ಬೆಳೆಯಬಹುದಾದ, ಬಿತ್ತಿದ ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುವ ಬಳ್ಳಿ ತರಕಾರಿಯಾಗಿದೆ. ಕೋಸಂಬರಿಗೆ, ಹಸಿಯಾಗಿ ತಿನ್ನಲು, ಪಲ್ಯ ಸಾಂಬಾರುಗಳಿಗೆ ಇದರ ಬಳಕೆ ಹಿಂದಿನಿಂದಲೂ ಇದೆ. 1990ರ ದಶಕದ ಆರಂಭದಿಂದ ರಾಜ್ಯದಲ್ಲಿ ಗರ್ಕಿನ್ ಅಥವಾ ಮಿಡಿಸೌತೆಯ ಬೇಸಾಯವೂ ಕಂಪನಿಗಳ ಒಪ್ಪಂದದ ಮೇಲೆ ಹಬ್ಬಿ, ಸಣ್ಣ ಹಿಡುವಳಿದಾರರಿಗೆ ವಾರ ವಾರವೂ ಹಣ ತರುವ ಬೆಳೆಯಾಗಿ ಪರಿಣಮಿಸಿದೆ.

ಆದರೆ ಈ ಬೆಳೆಯಲ್ಲಿ ಒಂದು ದೂರು ಸಾಮಾನ್ಯ. "ಬಳ್ಳಿ ಸೊಂಪಾಗಿ ಹಬ್ಬಿದೆ, ಹೂವೂ ಬೇಕಾದಷ್ಟಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ" ಎಂದು ರೈತರು ಹೇಳುತ್ತಾರೆ. ಇಂಥ ಸಮಯದಲ್ಲಿ ಅಂಗಡಿಯಲ್ಲಿ ದೊರೆಯುವ ಯಾವುದಾದರೊಂದು "ಟಾನಿಕ್" ತಂದು ಸಿಂಪಡಿಸುವುದು ರೂಢಿಯಾಗಿದೆ. ಇದರಿಂದ ಕೆಲವೊಮ್ಮೆ ಫಲ ಸಿಗುತ್ತದೆ, ಅನೇಕ ಸಲ ಹಣ ವ್ಯರ್ಥವಾಗುತ್ತದೆ, ಒಮ್ಮೊಮ್ಮೆ ಇದ್ದ ಬೆಳೆಯೂ ಕೆಡುತ್ತದೆ. ಒಂದೇ ಸಿಂಪರಣೆಯಿಂದ ಹೀಗೆ ಬೇರೆ ಬೇರೆ ಫಲ ಏಕೆ ದೊರೆಯುತ್ತದೆಂಬುದನ್ನು ತಿಳಿಯಬೇಕಾದರೆ, ಸೌತೆ ಬಳ್ಳಿಯೊಳಗೆ ಹೂ ಬಿಡುವುದನ್ನೂ ಕಾಯಿ ಕಚ್ಚುವುದನ್ನೂ ನಡೆಸುವ ಸಸ್ಯಚೋದಕಗಳ ಕಾರ್ಯವನ್ನು ಅರಿಯುವುದು ಅಗತ್ಯ.

ಸಸ್ಯಚೋದಕಗಳೆಂದರೇನು?

ಸಸ್ಯಚೋದಕ ಅಥವಾ ಹಾರ್ಮೋನು ಎಂದರೆ ಗಿಡವು ತನ್ನೊಳಗೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುವ ರಾಸಾಯನಿಕ ವಸ್ತು. ಒಂದು ಭಾಗದಲ್ಲಿ ತಯಾರಾಗಿ ಇನ್ನೊಂದು ಭಾಗಕ್ಕೆ ಹೋಗಿ ಅಲ್ಲಿಯ ಬೆಳವಣಿಗೆಯನ್ನು ಹೆಚ್ಚಿಸುವುದು, ತಡೆಯುವುದು ಅಥವಾ ಬದಲಿಸುವುದು ಇದರ ಕೆಲಸ. ಗೊಬ್ಬರವು ಗಿಡದ ಆಹಾರವಾದರೆ ಚೋದಕವು ಗಿಡಕ್ಕೆ ದೊರೆಯುವ ಸೂಚನೆ. ಆಹಾರವಿಲ್ಲದ ಗಿಡಕ್ಕೆ ಸೂಚನೆಯೊಂದನ್ನೇ ಕೊಟ್ಟರೆ ಪ್ರಯೋಜನವಿಲ್ಲ. ಹಾಗೆಯೇ ಹೊತ್ತು ಮೀರಿ ಕೊಟ್ಟ ಸೂಚನೆಯೂ ನಿಷ್ಪ್ರಯೋಜಕ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವೆಲ್ಲ ಸುಲಭವಾಗಿ ತಿಳಿಯುತ್ತದೆ.

ಸೌತೆಯ ಮಟ್ಟಿಗೆ ಮುಖ್ಯವಾದ ಚೋದಕಗಳು ಐದು.

1. ಆಕ್ಸಿನ್: ಕುಡಿಯಲ್ಲಿ, ಎಳೆಯ ಎಲೆಗಳಲ್ಲಿ ಮತ್ತು ಬೆಳೆಯುವ ಬೀಜಗಳಲ್ಲಿ ತಯಾರಾಗುತ್ತದೆ. ಕಾಯಿ ಕಚ್ಚಲು ಮತ್ತು ಜೀವಕೋಶಗಳು ಹಿಗ್ಗಲು ಬೇಕು.

2. ಜಿಬ್ಬರೆಲಿನ್: ಭತ್ತದ ಸಸಿಗಳನ್ನು ಅತಿಯಾಗಿ ಉದ್ದ ಬೆಳೆಸುವ ಒಂದು ಶಿಲೀಂಧ್ರ ರೋಗದ ಅಧ್ಯಯನದಿಂದ ಜಪಾನಿನಲ್ಲಿ ಬೆಳಕಿಗೆ ಬಂದ ವಸ್ತು. 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿ ಇದರ ಸುಳಿವು ಕಂಡುಹಿಡಿದರು. ಕಾಂಡವನ್ನು ಉದ್ದಕ್ಕೆ ಬೆಳೆಸುತ್ತದೆ. ಸೌತೆಯಲ್ಲಿ ಗಂಡು ಹೂಗಳನ್ನು ಹೆಚ್ಚಿಸುತ್ತದೆ.

3. ಸೈಟೊಕೈನಿನ್: ಬೇರಿನ ತುದಿಯಲ್ಲಿಯೂ ಎಳೆಯ ಬೀಜಗಳಲ್ಲಿಯೂ ಹೆಚ್ಚಾಗಿ ತಯಾರಾಗುತ್ತದೆ. ಜೀವಕೋಶಗಳ ವಿಭಜನೆಗೆ ನೆರವಾಗುತ್ತದೆ.

4. ಎಥಿಲೀನ್: ಇದು ಅನಿಲ ರೂಪದ ಚೋದಕ. ಹಣ್ಣು ಮಾಗುವುದಕ್ಕೆ ಕಾರಣವಾದ ಇದೇ ವಸ್ತು ಸೌತೆಯಲ್ಲಿ ಹೆಣ್ಣು ಹೂಗಳನ್ನು ಹೆಚ್ಚಿಸುತ್ತದೆ.

5. ಅಬ್ಸಿಸಿಕ್ ಆಮ್ಲ: ನೀರಿನ ಕೊರತೆಯಾದಾಗ ಹೆಚ್ಚಾಗಿ ತಯಾರಾಗಿ ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ, ಬೆಳವಣಿಗೆಯನ್ನು ತಡೆಹಿಡಿಯುತ್ತದೆ.

ಗಂಡು ಹೂ, ಹೆಣ್ಣು ಹೂ ನಿರ್ಧಾರವಾಗುವ ಬಗೆ

ಸೌತೆಯ ಸಾಮಾನ್ಯ ತಳಿಗಳಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಹೂವಿನ ತೊಟ್ಟು ತೆಳ್ಳಗಿದ್ದು, ಹೂಗಳು ಗೊಂಚಲಾಗಿರುತ್ತವೆ. ಹೆಣ್ಣು ಹೂವಿನ ಹಿಂಬದಿಯಲ್ಲಿ ಚಿಕ್ಕ ಸೌತೆಯಂಥ ಹೀಚು ಮೊದಲೇ ಕಾಣುತ್ತದೆ. ಬಳ್ಳಿಯ ಬುಡದ ಗೆಣ್ಣುಗಳಲ್ಲಿ ಮೊದಲು ಗಂಡು ಹೂಗಳೇ ಬಿಡುತ್ತವೆ, ನಂತರ ಎರಡೂ ಬಗೆಯವು ಬೆರೆತು ಬರುತ್ತವೆ. ಮುಖ್ಯ ಬಳ್ಳಿಗಿಂತ ಪಕ್ಕದ ಕವಲುಗಳಲ್ಲಿ ಹೆಣ್ಣು ಹೂಗಳು ಹೆಚ್ಚು. ಆದ್ದರಿಂದ ಆರಂಭದ ಹೂಗಳು ಕಾಯಿ ಕಟ್ಟದೆ ಉದುರಿದರೆ ಗಾಬರಿಪಡಬೇಕಾಗಿಲ್ಲ. ಗಂಡು ಹೂ ಅರಳಿದ ಮರುದಿನ ಬಾಡಿ ಬೀಳುವುದು ಸಹಜ ಕ್ರಮ.

ಗಮನಿಸಬೇಕಾದ ಸಂಗತಿಯೆಂದರೆ, ಮೊಗ್ಗು ಹುಟ್ಟುವಾಗ ಅದರಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡರ ಅಂಕುರಗಳೂ ಇರುತ್ತವೆ. ಮುಂದೆ ಒಂದು ಭಾಗ ಬೆಳೆದು ಇನ್ನೊಂದು ಅಲ್ಲಿಯೇ ನಿಂತುಹೋಗುತ್ತದೆ. ಯಾವುದು ಬೆಳೆಯಬೇಕೆಂಬುದನ್ನು ಆ ಸಮಯದಲ್ಲಿ ಕುಡಿಯಲ್ಲಿರುವ ಚೋದಕಗಳ ಸಮತೋಲನವು ತೀರ್ಮಾನಿಸುತ್ತದೆ. ಎಥಿಲೀನ್ ಹೆಚ್ಚಿದ್ದರೆ ಹೆಣ್ಣು, ಜಿಬ್ಬರೆಲಿನ್ ಮೇಲುಗೈಯಾದರೆ ಗಂಡು. ಈ ತೀರ್ಮಾನ ನಡೆಯುವುದು ಮೊಗ್ಗು ಕಣ್ಣಿಗೆ ಕಾಣುವುದಕ್ಕೆ ಬಹಳ ಮೊದಲು. ಸಸಿಯಲ್ಲಿ ಎರಡು ನಿಜ ಎಲೆಗಳು ಬಿಚ್ಚಿಕೊಳ್ಳುವ ಹೊತ್ತಿಗೆ ಮುಂದಿನ ಹಲವು ಗೆಣ್ಣುಗಳ ಮೊಗ್ಗುಗಳು ಕುಡಿಯೊಳಗೆ ರೂಪುಗೊಂಡಿರುತ್ತವೆ. ಗಂಡು ಹೂಗಳೇ ತುಂಬಿವೆಯೆಂದು ಕಣ್ಣಿಗೆ ಕಂಡ ಮೇಲೆ ಸಿಂಪಡಿಸಿದರೆ ಆ ಹೂಗಳು ಹೆಣ್ಣಾಗುವುದಿಲ್ಲ.

ಎಥಿಲೀನಿನ ಈ ಗುಣವನ್ನು ಬೆಳೆಗಾರರು ಅದರ ಹೆಸರು ತಿಳಿಯುವ ಮೊದಲೇ ಬಳಸಿಕೊಂಡಿದ್ದರು. ರಷ್ಯಾದಲ್ಲಿ ಸೌತೆ ಸಸಿಗಳಿಗೆ ಹೊಗೆ ಕೊಟ್ಟು ಹೆಣ್ಣು ಹೂಗಳನ್ನು ಹೆಚ್ಚಿಸುವ ಪದ್ಧತಿಯಿತ್ತು. ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ನಮ್ಮಲ್ಲಿ ಬಾಳೆಗೊನೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುವಾಗಲೂ ಕೆಲಸ ಮಾಡುವುದು ಇದೇ ಅನಿಲ. 1960ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಆಂಡರ್ ಎಂಬ ವಿಜ್ಞಾನಿಗಳು ಕೇವಲ ಹೆಣ್ಣು ಹೂ ಬಿಡುವ ಸೌತೆಗೆ ಜಿಬ್ಬರೆಲಿನ್ ಕೊಟ್ಟು ಗಂಡು ಹೂ ಬಿಡಿಸಬಹುದೆಂದು ತೋರಿಸಿಕೊಟ್ಟರು. ಇದರಿಂದ ಹೆಣ್ಣು ಸಾಲುಗಳ ಬೀಜೋತ್ಪಾದನೆ ಸಾಧ್ಯವಾಗಿ, ಹೆಣ್ಣು ಹೂಗಳೇ ಪ್ರಧಾನವಾದ ಸಂಕರಣ ತಳಿಗಳು ಬಳಕೆಗೆ ಬಂದವು. ಇಂಥ ತಳಿಗಳಲ್ಲಿ ಎಥಿಲೀನ್ ತಯಾರಿಸುವ ವಂಶವಾಹಿಯ ಒಂದು ಪ್ರತಿ ಹೆಚ್ಚಾಗಿರುತ್ತದೆ ಎಂಬುದು 1990ರ ದಶಕದಲ್ಲಿ ತಿಳಿದುಬಂತು. ಎಂದರೆ ತಳಿಯೇ ತನ್ನ ಎಥಿಲೀನನ್ನು ತಾನು ಹೊತ್ತು ತರುತ್ತದೆ. ಇಂದು ಬೆಳೆಯುವ ಗರ್ಕಿನ್ ತಳಿಗಳಲ್ಲಿ ಬಹುಪಾಲು ಈ ಬಗೆಯವು.

ಹವೆ ಮತ್ತು ಬೇಸಾಯ ಕ್ರಮಗಳ ಪ್ರಭಾವ

ಚೋದಕಗಳ ಸಮತೋಲನವು ಹವೆಗೆ ತಕ್ಕಂತೆ ಬದಲಾಗುತ್ತದೆ. ದೀರ್ಘ ಹಗಲು ಮತ್ತು ಹೆಚ್ಚು ಉಷ್ಣತೆಯಲ್ಲಿ ಗಂಡು ಹೂಗಳು ಹೆಚ್ಚುತ್ತವೆ. ಚಿಕ್ಕ ಹಗಲು ಮತ್ತು ತಂಪು ರಾತ್ರಿಗಳಲ್ಲಿ ಹೆಣ್ಣು ಹೂಗಳು ಹೆಚ್ಚುತ್ತವೆ. ಕರ್ನಾಟಕದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಆದುದರಿಂದ ಇಲ್ಲಿ ಹಗಲಿನ ಉದ್ದಕ್ಕಿಂತ ಉಷ್ಣತೆಯೇ ಹೆಚ್ಚು ಮುಖ್ಯ. ಜನವರಿ ಕೊನೆಯಲ್ಲಿ ಬಿತ್ತಿದ ಬೇಸಿಗೆ ಬೆಳೆ ಮಾರ್ಚ್ ಬಿಸಿಲಿನಲ್ಲಿ ಗಂಡು ಹೂಗಳಿಂದ ತುಂಬಿಹೋಗುವುದಕ್ಕೂ, ಅದೇ ತಳಿ ಮುಂಗಾರಿನ ತಂಪಿನಲ್ಲಿ ಬೇಗ ಕಾಯಿ ಬಿಡುವುದಕ್ಕೂ ಇದೇ ಕಾರಣ.

ಸಾರಜನಕ ಗೊಬ್ಬರವನ್ನು ಒಮ್ಮೆಲೇ ಹೆಚ್ಚಾಗಿ ಕೊಟ್ಟರೆ ಬಳ್ಳಿಯು ಎಲೆ ಕಾಂಡಗಳ ಬೆಳವಣಿಗೆಯಲ್ಲಿಯೇ ತೊಡಗಿ ಹೆಣ್ಣು ಹೂ ತಡವಾಗುತ್ತದೆ. ಶಿಫಾರಸು ಮಾಡಿದ ಸಾರಜನಕವನ್ನು ಕಂತುಗಳಲ್ಲಿ ಕೊಡುವುದು ಲೇಸು.

ಹಿಂದಿನಿಂದ ರೂಢಿಯಲ್ಲಿರುವ ಕುಡಿ ಚಿವುಟುವ ಪದ್ಧತಿಯೂ ಚೋದಕ ನಿಯಂತ್ರಣವೇ. ಮುಖ್ಯ ಬಳ್ಳಿಯ ಕುಡಿಯಿಂದ ಕೆಳಗಿಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ. ಸಾಮಾನ್ಯ ತಳಿಗಳಲ್ಲಿ ಐದಾರು ಎಲೆಗಳಾದ ಮೇಲೆ ಕುಡಿ ಚಿವುಟಿದರೆ ಈ ತಡೆ ಹೋಗಿ ಪಕ್ಕದ ಕವಲುಗಳು ಒಡೆಯುತ್ತವೆ. ಅವುಗಳಲ್ಲಿ ಹೆಣ್ಣು ಹೂಗಳು ಹೆಚ್ಚು. ಇದಕ್ಕೆ ಖರ್ಚಿಲ್ಲ. ಆದರೆ ಮುಖ್ಯ ಬಳ್ಳಿಯಲ್ಲಿಯೇ ಕಾಯಿ ಬಿಡುವ ಹೆಣ್ಣು ಪ್ರಧಾನ ತಳಿಗಳಲ್ಲಿ ಕುಡಿ ಚಿವುಟಬಾರದು.

ಕಾಯಿ ಕಚ್ಚುವುದು ಹೇಗೆ?

ಹೆಣ್ಣು ಹೂ ಬಂದ ಮಾತ್ರಕ್ಕೆ ಕಾಯಿ ಬರುವುದಿಲ್ಲ. ಅರಳುವ ದಿನ ಹೂವಿನ ಹಿಂದಿರುವ ಹೀಚು ಒಂದು ತಾತ್ಕಾಲಿಕ ವಿರಾಮದಲ್ಲಿರುತ್ತದೆ. ಮುಂದಿನ ಸೂಚನೆ ಬಂದರೆ ಬೆಳೆಯುತ್ತದೆ, ಬಾರದಿದ್ದರೆ ಹಳದಿಯಾಗಿ ಕೆಲವೇ ದಿನಗಳಲ್ಲಿ ಉದುರುತ್ತದೆ. ಸಾಮಾನ್ಯ ತಳಿಗಳಲ್ಲಿ ಈ ಸೂಚನೆ ಬರುವುದು ಪರಾಗದಿಂದ ಮತ್ತು ಬೀಜಗಳಿಂದ. ಪರಾಗಸ್ಪರ್ಶವಾಗಿ ಅಂಡಕಗಳು ಫಲಿತವಾದೊಡನೆ ಎಳೆಯ ಬೀಜಗಳಲ್ಲಿ ಆಕ್ಸಿನ್, ಜಿಬ್ಬರೆಲಿನ್ ಮತ್ತು ಸೈಟೊಕೈನಿನ್‌ಗಳ ತಯಾರಿ ಏರುತ್ತದೆ. ಮೊದಲ ನಾಲ್ಕೈದು ದಿನ ಕಾಯಿಯಲ್ಲಿ ಜೀವಕೋಶಗಳ ವಿಭಜನೆ ಭರದಿಂದ ನಡೆಯುತ್ತದೆ. ಆಮೇಲೆ ಅವು ನೀರು ತುಂಬಿಕೊಂಡು ಹಿಗ್ಗುತ್ತವೆ. ಒಂದು ವಾರದ ನಂತರ ಕಾಯಿ ದಿನದಿನಕ್ಕೆ ಕಣ್ಣಿಗೆ ಕಾಣುವಂತೆ ಉದ್ದವಾಗುವುದು ಈ ಹಿಗ್ಗುವಿಕೆಯಿಂದ.

ಬೀಜಗಳೇ ಕಾಯಿಯನ್ನು ಬೆಳೆಸುತ್ತವೆಂಬುದಕ್ಕೆ ಸ್ಪಷ್ಟವಾದ ಸಾಕ್ಷ್ಯ ಸ್ಟ್ರಾಬೆರಿಯಿಂದ ದೊರೆಯಿತು. 1950ರಲ್ಲಿ ನಿಚ್ ಎಂಬ ವಿಜ್ಞಾನಿ ಎಳೆಯ ಸ್ಟ್ರಾಬೆರಿಯ ಮೇಲಿನ ಬೀಜದಂಥ ಕಾಳುಗಳನ್ನು ಕಿತ್ತುಹಾಕಿದಾಗ ಹಣ್ಣಿನ ಬೆಳವಣಿಗೆ ನಿಂತಿತು. ಅದರ ಬದಲಿಗೆ ಆಕ್ಸಿನ್ ಲೇಪಿಸಿದಾಗ ಮತ್ತೆ ಬೆಳೆಯಿತು. ಒಂದು ಬದಿಯ ಕಾಳುಗಳನ್ನಷ್ಟೇ ಉಳಿಸಿದರೆ ಆ ಬದಿ ಮಾತ್ರ ಉಬ್ಬಿತು. ಸೌತೆಯಲ್ಲಿಯೂ ಇದೇ ನ್ಯಾಯ. ಪರಾಗ ಸಾಲದೆ ಬೀಜಗಳು ಅಲ್ಲಲ್ಲಿ ಮಾತ್ರ ಕಟ್ಟಿದರೆ ಆ ಭಾಗವಷ್ಟೇ ದಪ್ಪವಾಗಿ, ಕಾಯಿ ಕುಡುಗೋಲಿನಂತೆ ಬಾಗುತ್ತದೆ ಅಥವಾ ಸೀಸೆಯ ಕುತ್ತಿಗೆಯಂತೆ ಒಂದು ಕಡೆ ಸಣ್ಣಗಾಗುತ್ತದೆ. ಗರ್ಕಿನ್ ಬೆಳೆಗಾರರಿಗೆ ಇಂಥ ಕಾಯಿಗಳು ತೂಕಕ್ಕೆ ಬಂದರೂ ದರ್ಜೆಗೆ ಬರುವುದಿಲ್ಲ.

ಸೌತೆಯ ಪರಾಗ ಅಂಟಂಟಾಗಿದ್ದು ಭಾರವಾಗಿರುತ್ತದೆ. ಗಾಳಿಯಿಂದ ಹರಡುವುದಿಲ್ಲ. ಹೆಣ್ಣು ಹೂ ಬೆಳಗ್ಗೆ ಅರಳಿ ಅದೇ ದಿನ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಒಂದೊಂದು ಹೂವಿಗೂ ಜೇನುನೊಣಗಳು ಹಲವು ಬಾರಿ ಬಂದು ಹೋದರೆ ಮಾತ್ರ ನೂರಾರು ಅಂಡಕಗಳಿಗೆ ಸಾಕಾಗುವಷ್ಟು ಪರಾಗ ತಲುಪುತ್ತದೆ. ತುಡುವೆ ಜೇನು, ಕೋಲುಜೇನು, ಹೆಜ್ಜೇನುಗಳು ಈ ಕೆಲಸ ಮಾಡುತ್ತವೆ. ಹೂ ಅರಳಿರುವ ಬೆಳಗಿನ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಕಾಯಿ ಕಚ್ಚದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪರಾಗವಿಲ್ಲದೆ ಕಾಯಿ ಬಿಡುವ ತಳಿಗಳು

ಪಾಲಿಹೌಸಿನಲ್ಲಿ ಬೆಳೆಯುವ ನಯವಾದ, ಬೀಜರಹಿತ ಸೌತೆ ತಳಿಗಳು ಬೇರೆ ಬಗೆಯವು. ಇವುಗಳ ಹೀಚಿನಲ್ಲಿ ಹೂ ಅರಳುವ ವೇಳೆಗೇ ಸಾಕಷ್ಟು ಆಕ್ಸಿನ್ ಇರುವುದರಿಂದ ಪರಾಗದ ಸೂಚನೆಗೆ ಕಾಯದೆ ಕಾಯಿ ಬೆಳೆಯುತ್ತದೆ. ಈ ವ್ಯತ್ಯಾಸ ತಿಳಿಯದೆ ಆಗುವ ನಷ್ಟ ಕಡಿಮೆಯಲ್ಲ. ಸಾಮಾನ್ಯ ತಳಿಯನ್ನು ಜೇನು ಬಾರದ ಪಾಲಿಹೌಸಿನೊಳಗೆ ಬಿತ್ತಿದರೆ ಬಳ್ಳಿ ಮಾಡಿನವರೆಗೆ ಏರಿದರೂ ಕಾಯಿ ನಿಲ್ಲುವುದಿಲ್ಲ. ದುಬಾರಿ ಬೆಲೆಯ ಪಾಲಿಹೌಸ್ ಬೀಜವನ್ನು ಬಯಲಿನಲ್ಲಿ ಬಿತ್ತಿದರೆ ಜೇನುಗಳು ಪರಾಗ ತಂದು, ಬೀಜ ಕಟ್ಟಿ, ಕಾಯಿಯ ತುದಿ ಉಬ್ಬಿ ಆಕಾರ ಕೆಡುತ್ತದೆ. ಬೀಜ ಕೊಳ್ಳುವಾಗ ತಳಿಗೆ ಪರಾಗಸ್ಪರ್ಶ ಬೇಕೋ ಬೇಡವೋ ಎಂಬುದನ್ನು ಕೇಳಿ ತಿಳಿಯತಕ್ಕದ್ದು.

ಆಕ್ಸಿನ್ ಅಥವಾ ಸೈಟೊಕೈನಿನ್ ಬಗೆಯ ವಸ್ತುಗಳನ್ನು ಹೂವಿಗೆ ಹಚ್ಚಿ ಸಾಮಾನ್ಯ ಸೌತೆಯಲ್ಲಿಯೂ ಬೀಜವಿಲ್ಲದ ಕಾಯಿ ಪಡೆಯಬಹುದೆಂಬುದು ಪ್ರಯೋಗಗಳಿಂದ ಗೊತ್ತಾಗಿದೆ. ಆದರೆ ಪ್ರತಿ ಹೂವಿಗೂ ಹಚ್ಚಬೇಕಾದ ಕೂಲಿ, ಪ್ರಮಾಣ ತಪ್ಪಿದರೆ ಕೆಡುವ ಆಕಾರ, ಕೊಯ್ಲಿಗೆ ಕೆಲವೇ ದಿನ ಮೊದಲು ರಾಸಾಯನಿಕ ತಗಲುವುದು, ಇವುಗಳಿಂದಾಗಿ ಜೇನು ಓಡಾಡುವ ಬಯಲು ಬೆಳೆಗೆ ಇದು ಅನವಶ್ಯಕ.

ಮೊದಲ ಕಾಯಿಯ ಹಿಡಿತ

ಬಳ್ಳಿಯಲ್ಲಿ ಮೊದಲು ಕಚ್ಚಿದ ಕಾಯಿಯ ಬೀಜಗಳು ಬಲಿಯತೊಡಗಿದಾಗ ಅವು ಎಲೆಗಳಲ್ಲಿ ತಯಾರಾದ ಆಹಾರವನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ಅಲ್ಲಿಂದ ಹೊರಡುವ ಚೋದಕಗಳು ಮೇಲಿನ ಗೆಣ್ಣುಗಳ ಎಳೆಯ ಹೀಚುಗಳನ್ನು ತಡೆಯುತ್ತವೆ. ಬಳ್ಳಿಯ ಮಟ್ಟಿಗೆ ಇದು ವಿವೇಕದ ನಡೆ. ಬೀಜ ಸಿಕ್ಕಿತು, ಅದರ ಕೆಲಸ ಮುಗಿಯಿತು. ಬೆಳೆಗಾರನಿಗೆ ಮಾತ್ರ ಇದು ನಷ್ಟ. ಎಲೆಯ ಮರೆಯಲ್ಲಿ ಕಣ್ತಪ್ಪಿ ಉಳಿದ ಒಂದು ಬಲಿತ ಕಾಯಿ ಮುಂದಿನ ಹಲವು ಹೀಚುಗಳನ್ನು ಉದುರಿಸಬಲ್ಲದು. ಆದ್ದರಿಂದ ತರಕಾರಿ ಸೌತೆಯನ್ನು ಎರಡು ಮೂರು ದಿನಗಳಿಗೊಮ್ಮೆ, ಗರ್ಕಿನ್ನನ್ನು ದಿನವೂ ಕೊಯ್ಯಬೇಕು. ಬೀಜಕ್ಕಾಗಿ ಕಾಯಿ ಬಿಡಬೇಕೆಂದಿದ್ದರೆ ಅದಕ್ಕೆ ಕೆಲವು ಬಳ್ಳಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಉತ್ತಮ. ಬಾಗಿದ, ಹುಳುಕು ಹಿಡಿದ ಕಾಯಿಗಳನ್ನೂ ಬಳ್ಳಿಯಲ್ಲಿ ಬಿಡದೆ ಕಿತ್ತುಹಾಕಬೇಕು.

ಹೂ ಮತ್ತು ಕಾಯಿಯ ಹಂತದಲ್ಲಿ ನೀರಿನ ಕೊರತೆಯಾದರೆ ಅಬ್ಸಿಸಿಕ್ ಆಮ್ಲ ಹೆಚ್ಚಿ ಎಲೆಗಳ ಆಹಾರ ತಯಾರಿಕೆ ಕುಗ್ಗುತ್ತದೆ, ಹೀಚುಗಳು ಉದುರುತ್ತವೆ. ಈ ಹಂತದಲ್ಲಿ ಭೂಮಿಯ ಹದ ಒಂದೇ ಸಮನಾಗಿರುವಂತೆ ನೋಡಿಕೊಳ್ಳುವುದು ಯಾವ ಸಿಂಪರಣೆಗಿಂತಲೂ ಮೊದಲ ಕರ್ತವ್ಯ.

ಹೊಲದಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆ

ಕಾಯಿ ಏಕೆ ನಿಲ್ಲುತ್ತಿಲ್ಲವೆಂಬುದನ್ನು ಔಷಧ ಕೊಳ್ಳುವ ಮೊದಲು ರೈತರೇ ಪರೀಕ್ಷಿಸಬಹುದು. ವಿಸ್ತರಣಾ ಕಾರ್ಯಕರ್ತರು ಇದನ್ನು ಪ್ರಾತ್ಯಕ್ಷಿಕೆಯಾಗಿಯೂ ನಡೆಸಬಹುದು. ಇದಕ್ಕೆ ಬೇಕಾದದ್ದು ಕಾಗದದ ಚೀಲಗಳು, ದಾರ ಮತ್ತು ಐದು ದಿನಗಳ ತಾಳ್ಮೆ.

ಸಂಜೆ ಹೊಲದಲ್ಲಿ ಮರುದಿನ ಅರಳಲಿರುವ, ತುದಿಯಲ್ಲಿ ಹಳದಿ ಬಣ್ಣ ಕಾಣಿಸಿಕೊಂಡ ಮೂವತ್ತು ಹೆಣ್ಣು ಮೊಗ್ಗುಗಳನ್ನು ಬೇರೆ ಬೇರೆ ಬಳ್ಳಿಗಳಲ್ಲಿ ಗುರುತಿಸಬೇಕು. ಇವನ್ನು ಹತ್ತು ಹತ್ತರ ಮೂರು ಗುಂಪು ಮಾಡಬೇಕು.

ಮೊದಲ ಗುಂಪು: ಚೀಲದಿಂದ ಮುಚ್ಚಿ ಎರಡು ದಿನ ಹಾಗೆಯೇ ಬಿಡಬೇಕು.

ಎರಡನೆಯ ಗುಂಪು: ಚೀಲದಿಂದ ಮುಚ್ಚಿ, ಮರುದಿನ ಬೆಳಗ್ಗೆ ಒಂಬತ್ತು ಗಂಟೆಯೊಳಗೆ ತೆರೆಯಬೇಕು. ಆಗತಾನೆ ಅರಳಿದ ಗಂಡು ಹೂವಿನ ದಳಗಳನ್ನು ಕಿತ್ತು, ಅದರ ಕೇಸರಗಳನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ ಮೃದುವಾಗಿ ಎಲ್ಲ ಕಡೆಯೂ ತೀಡಿ ಮತ್ತೆ ಮುಚ್ಚಬೇಕು.

ಮೂರನೆಯ ಗುಂಪು: ಮುಚ್ಚದೆ ದಾರ ಕಟ್ಟಿ ಗುರುತು ಮಾತ್ರ ಮಾಡಬೇಕು.

ಐದನೆಯ ದಿನ ಎಣಿಸಿ ನೋಡಿದಾಗ ದೊರೆಯುವ ಅರ್ಥ ಹೀಗಿದೆ:

- ಮೊದಲ ಗುಂಪಿನ ಹೀಚುಗಳು ಉಬ್ಬಿದ್ದರೆ ತಳಿಗೆ ಪರಾಗದ ಅಗತ್ಯವಿಲ್ಲ. ಹಳದಿಯಾಗಿದ್ದರೆ ಪರಾಗ ಬೇಕೇ ಬೇಕು.

- ಎರಡನೆಯದು ನಿಂತು ಮೂರನೆಯದು ಉದುರಿದ್ದರೆ ಹೊಲಕ್ಕೆ ಜೇನು ಬರುತ್ತಿಲ್ಲ, ಅಥವಾ ಗಂಡು ಹೂಗಳು ಸಾಲದು.

- ಎರಡೂ ಮೂರೂ ಉದುರಿದ್ದರೆ ನೀರು, ಪೋಷಣೆ, ಬಲಿತ ಕಾಯಿಗಳ ಭಾರ ಅಥವಾ ರೋಗವನ್ನು ಶಂಕಿಸಬೇಕು.

- ಎರಡೂ ಮೂರೂ ಚೆನ್ನಾಗಿ ನಿಂತಿದ್ದು ಹೊಲದಲ್ಲಿ ಹೆಣ್ಣು ಹೂಗಳೇ ವಿರಳವಾಗಿದ್ದರೆ ಮಾತ್ರ ಹೂವಿನ ಲಿಂಗದ ಪ್ರಶ್ನೆ ಬರುತ್ತದೆ. ಅದಕ್ಕೆ ಪರಿಹಾರ ಮುಂದಿನ ಬೆಳೆಯ ಎರಡೆಲೆ ಹಂತದಲ್ಲಿ.

ಹೀಚಿನ ಮೇಲೆ ಚುಚ್ಚಿದ ಗುರುತು, ಒಳಗೆ ಹುಳು ಕಂಡರೆ ಅದು ಹಣ್ಣು ನೊಣದ ಬಾಧೆ. ಎಲೆ ಮುದುಡಿ ಹಳದಿ ಹಸಿರು ಮಚ್ಚೆಗಳಿದ್ದರೆ ನಂಜು ರೋಗ. ಇವಕ್ಕೆ ಚೋದಕಗಳಿಂದ ಯಾವ ಉಪಯೋಗವೂ ಇಲ್ಲ.

ಚೋದಕ ಸಿಂಪರಣೆ: ಯಾವಾಗ, ಎಷ್ಟು?

ಸಾಮಾನ್ಯ ತಳಿಗಳಲ್ಲಿ, ವಿಶೇಷವಾಗಿ ಬೇಸಿಗೆ ಬೆಳೆಯಲ್ಲಿ, ಹೆಣ್ಣು ಹೂಗಳನ್ನು ಹೆಚ್ಚಿಸಲು ಪ್ರಯೋಗಗಳಲ್ಲಿ ಫಲ ಕೊಟ್ಟಿರುವ ವಸ್ತು ಎಥೆಫಾನ್. ಎಥ್ರೆಲ್ ಎಂಬುದು ಇದರ ಪರಿಚಿತ ವ್ಯಾಪಾರಿ ಹೆಸರು. ಇದು ಎಲೆಯೊಳಗೆ ಸೇರಿದ ಮೇಲೆ ಒಡೆದು ಎಥಿಲೀನನ್ನು ಬಿಡುಗಡೆ ಮಾಡುತ್ತದೆ. ಎರಡು ನಿಜ ಎಲೆಗಳಿರುವಾಗ ಒಮ್ಮೆ, ನಾಲ್ಕು ಎಲೆಗಳಿರುವಾಗ ಇನ್ನೊಮ್ಮೆ, 150ರಿಂದ 200 ಪಿಪಿಎಂ ದ್ರಾವಣವನ್ನು ಎಲೆಗಳು ತೋಯುವಷ್ಟು ಮಾತ್ರ ಸಿಂಪಡಿಸುವುದು ಪ್ರಯೋಗಗಳಲ್ಲಿ ಅನುಸರಿಸಿದ ಕ್ರಮ. ಇದರಿಂದ ಬುಡದ ಗೆಣ್ಣುಗಳಲ್ಲಿ ಗಂಡು ಹೂಗಳು ಕಡಿಮೆಯಾಗಿ ಹೆಣ್ಣು ಹೂ ಬೇಗ ಬರುತ್ತದೆ. ಎನ್.ಎ.ಎ. ಎಂಬ ಕೃತಕ ಆಕ್ಸಿನ್ನನ್ನು ಇದೇ ಹಂತದಲ್ಲಿ 100 ಪಿಪಿಎಂ ಪ್ರಮಾಣದಲ್ಲಿ ಬಳಸಿದಾಗಲೂ ಇಂಥದೇ ಫಲ ದೊರೆತಿದೆ. ಆಕ್ಸಿನ್ ಹೆಚ್ಚಿದಾಗ ಗಿಡದೊಳಗೆ ಎಥಿಲೀನ್ ತಯಾರಿ ಹೆಚ್ಚುವುದೇ ಇದಕ್ಕೆ ಕಾರಣ.

ಪಿಪಿಎಂ ಲೆಕ್ಕ ತಪ್ಪುವುದು ಸಾಮಾನ್ಯ. ಒಂದು ಪಿಪಿಎಂ ಎಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಮೂಲವಸ್ತು. ಉದಾಹರಣೆಗೆ, ಒಂದು ಮಿ.ಲೀ. ಔಷಧದಲ್ಲಿ 400 ಮಿ.ಗ್ರಾಂ ಮೂಲವಸ್ತು ಇದೆಯೆಂದಿಟ್ಟುಕೊಳ್ಳಬಹುದು. 10 ಲೀಟರ್ ನೀರಿನಲ್ಲಿ 150 ಪಿಪಿಎಂ ದ್ರಾವಣ ಬೇಕಾದರೆ 150 x 10 = 1500 ಮಿ.ಗ್ರಾಂ ಮೂಲವಸ್ತು ಬೇಕು. 1500ನ್ನು 400ರಿಂದ ಭಾಗಿಸಿದರೆ 3.75 ಮಿ.ಲೀ. ಔಷಧ. ಅದೇ, ಒಂದು ಮಿ.ಲೀ.ನಲ್ಲಿ 45 ಮಿ.ಗ್ರಾಂ ಮಾತ್ರ ಇರುವ ಎನ್.ಎ.ಎ.ಯ 100 ಪಿಪಿಎಂ ದ್ರಾವಣಕ್ಕೆ 10 ಲೀಟರಿಗೆ 1000 ಮಿ.ಗ್ರಾಂ, ಎಂದರೆ ಸುಮಾರು 22 ಮಿ.ಲೀ. ಬೇಕಾಗುತ್ತದೆ. ಎರಡನ್ನೂ ಒಂದೇ ಮುಚ್ಚಳದಿಂದ ಅಳೆದರೆ ಒಂದು ನಿಷ್ಫಲ, ಇನ್ನೊಂದು ವಿಷ. ಅಳತೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜನ್ನು ಉಪಯೋಗಿಸಿ, ಅದನ್ನು ಇದಕ್ಕಾಗಿಯೇ ಮೀಸಲಿಡುವುದು ಒಳ್ಳೆಯದು.

ಎಥೆಫಾನ್ ಬಳಸುವಾಗ ಈ ಎಚ್ಚರಿಕೆಗಳನ್ನು ಪಾಲಿಸಬೇಕು:

1. ಹೆಣ್ಣು ಹೂ ಪ್ರಧಾನವಾದ ಸಂಕರಣ ತಳಿಗಳಿಗೂ ಪಾಲಿಹೌಸ್ ತಳಿಗಳಿಗೂ ಸಿಂಪರಣೆ ಬೇಡ.

2. ಹೊಲವೆಲ್ಲ ಸಿಂಪಡಿಸಿ ಗಂಡು ಹೂಗಳೇ ಇಲ್ಲದಂತಾದರೆ ಪರಾಗವಿಲ್ಲದೆ ಹೆಣ್ಣು ಹೂಗಳು ಉದುರುತ್ತವೆ. ಎಂಟು ಹತ್ತು ಸಾಲುಗಳಿಗೆ ಒಂದು ಸಾಲನ್ನು ಸಿಂಪಡಿಸದೆ ಬಿಡಬೇಕು.

3. ಎಥೆಫಾನ್ ಆಮ್ಲೀಯ ದ್ರಾವಣದಲ್ಲಿ ಮಾತ್ರ ಸ್ಥಿರವಾಗಿರುತ್ತದೆ. ಕ್ಷಾರೀಯವಾದ ಕೊಳವೆಬಾವಿ ನೀರಿನಲ್ಲಿ ಟ್ಯಾಂಕಿನೊಳಗೇ ಒಡೆದು ಅನಿಲ ಹಾರಿಹೋಗುತ್ತದೆ. ಮಳೆನೀರು ಅಥವಾ ಮೆದು ನೀರು ಬಳಸಿ, ಬೆರೆಸಿದ ಕೂಡಲೇ ಸಿಂಪಡಿಸಬೇಕು. ಬೇರೆ ಔಷಧಗಳೊಡನೆ ಕೂಡಿಸಬಾರದು.

4. ಬಿರುಬಿಸಿಲಿನಲ್ಲಿ ಸಿಂಪಡಿಸಬಾರದು. ನೀರಿಲ್ಲದೆ ಬಾಡಿದ ಸಸಿಗಳಿಗೂ ಕೊಡಬಾರದು.

5. ಕಾಯಿ ಬಿಟ್ಟ ಬಳ್ಳಿಗೆ ಎಂದಿಗೂ ಸಿಂಪಡಿಸಬಾರದು. ಎಲೆ ಹಳದಿಯಾಗಿ ಹೂ ಹೀಚುಗಳು ಉದುರುತ್ತವೆ.

6. ದ್ರಾವಣ ಕಣ್ಣು ಚರ್ಮಗಳಿಗೆ ತಗಲಿದರೆ ಸುಡುತ್ತದೆ. ಕೈಗವಸು, ಕನ್ನಡಕ ಧರಿಸಬೇಕು. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

7. ರಫ್ತಿಗೆ ಹೋಗುವ ಗರ್ಕಿನ್ನಿಗೆ ಕಂಪನಿಯ ಪಟ್ಟಿಯಲ್ಲಿಲ್ಲದ ಯಾವ ರಾಸಾಯನಿಕವನ್ನೂ ಬಳಸಬಾರದು. ಉಳಿಕೆ ಕಂಡುಬಂದರೆ ಸರಕೆಲ್ಲ ತಿರಸ್ಕೃತವಾಗಬಹುದು. ತರಕಾರಿ ಸೌತೆಗೂ ಡಬ್ಬಿಯ ಮೇಲಿನ ಅನುಮೋದಿತ ಬೆಳೆಗಳ ಪಟ್ಟಿಯನ್ನು ಓದಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಅಥವಾ ತೋಟಗಾರಿಕೆ ಇಲಾಖೆಯ ತಜ್ಞರನ್ನು ವಿಚಾರಿಸಿಯೇ ಮುಂದುವರಿಯಬೇಕು.

ಮಾಡಬಾರದ ಎರಡು ತಪ್ಪುಗಳು

ಮೊದಲನೆಯದು, ಬೆಳವಣಿಗೆ ಕುಂಠಿತವಾಗಿದೆಯೆಂದು ಎಳೆಯ ಸಸಿಗಳಿಗೆ ಜಿಬ್ಬರೆಲಿನ್ ಸಿಂಪಡಿಸುವುದು. ದ್ರಾಕ್ಷಿಯಲ್ಲಿ ಇದರಿಂದ ಗೊಂಚಲು ಉದ್ದವಾಗಿ ಕಾಳು ದಪ್ಪವಾಗುವುದನ್ನು ಕಂಡವರು ಸೌತೆಗೂ ಅದೇ ಲಾಭ ನಿರೀಕ್ಷಿಸುತ್ತಾರೆ. ಆದರೆ ಸೌತೆಯ ಸಸಿಯಲ್ಲಿ ಅದು ಗೆಣ್ಣುಗಳ ಅಂತರವನ್ನು ಉದ್ದ ಮಾಡಿ ಗಂಡು ಹೂಗಳನ್ನು ಹೆಚ್ಚಿಸುತ್ತದೆ. ಯಾವ ದ್ರಾವಣವೇ ಆಗಲಿ, ಅದರ ಮೇಲೆ ಅಚ್ಚಾದ ಮೂಲವಸ್ತುವಿನ ಹೆಸರನ್ನು ಓದದೆ ಸಿಂಪಡಿಸುವುದು ಸಲ್ಲದು. ಮೂಲವಸ್ತುವಿನ ಹೆಸರೇ ಇಲ್ಲದ ಸೀಸೆಯನ್ನು ಕೊಳ್ಳದಿರುವುದೇ ಲೇಸು.

ಎರಡನೆಯದು, 2,4-ಡಿ ಕಳೆನಾಶಕ ಬಳಸಿದ ಸಿಂಪರಣಾ ಯಂತ್ರವನ್ನು ಸೌತೆಗೆ ಉಪಯೋಗಿಸುವುದು. ಕಬ್ಬು, ಮುಸುಕಿನ ಜೋಳಗಳಲ್ಲಿ ಅಗಲ ಎಲೆ ಕಳೆಗಳನ್ನು ಕೊಲ್ಲಲು ಬಳಸುವ ಈ 2,4-ಡಿ ಕೂಡ ಒಂದು ಕೃತಕ ಆಕ್ಸಿನ್. ಕಾಯಿ ಕಚ್ಚಿಸುವ ಸೂಚನೆಯೇ ಅತಿಯಾದಾಗ ಗಿಡವನ್ನು ಕೊಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸೌತೆಯ ಜಾತಿಯ ಬಳ್ಳಿಗಳು ಇದಕ್ಕೆ ಬಹು ಬೇಗ ತುತ್ತಾಗುತ್ತವೆ. ಯಂತ್ರದಲ್ಲಿ ಉಳಿದ ಅಂಶದಿಂದಾಗಲಿ, ಪಕ್ಕದ ಹೊಲದಿಂದ ಗಾಳಿಗೆ ತೇಲಿಬಂದ ಹನಿಗಳಿಂದಾಗಲಿ ಎಲೆಗಳು ಸಣ್ಣಗಾಗಿ ಸುರುಳಿ ಸುತ್ತಿ, ಕಾಂಡ ತಿರುಚುತ್ತದೆ. ಇದನ್ನು ನಂಜು ರೋಗವೆಂದು ತಪ್ಪಾಗಿ ತಿಳಿಯುವುದೂ ಉಂಟು. ಕಳೆನಾಶಕಕ್ಕೆ ಪ್ರತ್ಯೇಕ ಯಂತ್ರವಿರಬೇಕು. ಸೌತೆಯ ಪಕ್ಕದ ಹೊಲದವರು ಗಾಳಿಯಿಲ್ಲದ ಹೊತ್ತಿನಲ್ಲಿ ಸಿಂಪಡಿಸುವಂತೆ ಮೊದಲೇ ಮಾತನಾಡಿಕೊಳ್ಳುವುದು ಇಬ್ಬರಿಗೂ ಹಿತ.

ಇಲ್ಲಿ ಹೇಳಿದ ಪ್ರಮಾಣಗಳು ಹಸಿರು ಸೌತೆಗೆ ಮಾತ್ರ ಅನ್ವಯಿಸುತ್ತವೆ. ಕರಾವಳಿಯಲ್ಲಿ ಬೆಳೆಯುವ ಮಂಗಳೂರು ಸೌತೆಯು ಸಸ್ಯಶಾಸ್ತ್ರದ ಪ್ರಕಾರ ಕರಬೂಜದ ಜಾತಿಗೆ ಸೇರಿದ್ದು, ಅದರ ಹೂ ಬಿಡುವ ಕ್ರಮವೇ ಬೇರೆಯಾಗಿದೆ.

ಸಾರಾಂಶ

ಸೌತೆಯ ಇಳುವರಿ ಎರಡು ಘಟ್ಟಗಳಲ್ಲಿ ತೀರ್ಮಾನವಾಗುತ್ತದೆ. ಎರಡರಿಂದ ನಾಲ್ಕೆಲೆ ಹಂತದಲ್ಲಿ ಎಥಿಲೀನ್ ಮತ್ತು ಜಿಬ್ಬರೆಲಿನ್‌ಗಳ ಸಮತೋಲನವು ಹೆಣ್ಣು ಹೂಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ. ಹೂ ಅರಳಿದ ದಿನ ಬೀಜಗಳಿಂದ ಹೊರಡುವ ಆಕ್ಸಿನ್ ಮುಂತಾದವು ಹೀಚಿನ ಹಣೆಬರಹವನ್ನು ಬರೆಯುತ್ತವೆ. ಮೊದಲ ಘಟ್ಟದಲ್ಲಿ ತಳಿಯ ಆಯ್ಕೆ, ಬಿತ್ತನೆ ಕಾಲ, ಹದವಾದ ಗೊಬ್ಬರ, ಅಗತ್ಯವಿದ್ದಲ್ಲಿ ಅಳತೆಯ ಸಿಂಪರಣೆ ನೆರವಾಗುತ್ತವೆ. ಎರಡನೆಯ ಘಟ್ಟದಲ್ಲಿ ಜೇನು, ನೀರು ಮತ್ತು ತಪ್ಪದ ಕೊಯ್ಲು ನೆರವಾಗುತ್ತವೆ. ಈ ಮೂರನ್ನು ಸರಿಪಡಿಸದೆ ಸೀಸೆಯ ಚೋದಕಕ್ಕೆ ಹಣ ಹಾಕುವುದು, ಕಟ್ಟೆ ಒಡೆದ ಮಡಿಗೆ ನೀರು ಹಾಯಿಸಿದಂತೆ. ಮುಂದಿನ ಸಲ ಹೀಚು ಉದುರುವುದು ಕಂಡಾಗ ಮೊದಲು ಮೂವತ್ತು ಹೂಗಳ ಪರೀಕ್ಷೆ ನಡೆಸಿ, ಕಾರಣ ತಿಳಿದ ಮೇಲೆ ಪರಿಹಾರಕ್ಕೆ ಕೈ ಹಾಕುವುದು ಬುದ್ಧಿವಂತ ಬೆಳೆಗಾರನ ಲಕ್ಷಣ.